ಯಾರದೂ ಅಲ್ಲದ ಬೆಳ್ಳಿ ಕರಡಿಗೆ

ಚನ್ನರಾಯಪಟ್ಟಣದ ತವರಿನಲ್ಲಿ ಬಾಣಂತನ ಮುಗಿಸಿ, ಮಗನನ್ನೆತ್ತಿಕೊಂಡು ಹೊಳೆನರಸೀಪುರದ ಗಂಡನ ಮನೆಗೆ ಹಿಂತಿರುಗಿದ ಮೇಲೆ ನನಗೆ ಒಂದು ಕಡೆ ಕೂರಲು ಆಗುತ್ತಿರಲಿಲ್ಲ. ಕೂತರೆ ಏಳಬೇಕು, ಎದ್ದರೆ ಎಲ್ಲಿಗೋ ಹೋಗಬೇಕು. ಅಕ್ಕಿ ಆರಿಸುತ್ತಿದ್ದವಳು ಮೊರ ಬಿಟ್ಟು ಹಿತ್ತಲಿಗೆ ಹೋಗುತ್ತಿದ್ದೆ. ಅಲ್ಲಿಗೆ ಯಾಕೆ ಬಂದೆನೆಂದು ಮರೆತು ಜಗಲಿಗೆ ಬರುತ್ತಿದ್ದೆ. ಮಗು ಮಲಗಿದರೆ ಉಸಿರಾಡುತ್ತಿದೆಯೋ ಇಲ್ಲವೋ ಎಂದು ಬಗ್ಗಿ ಬಗ್ಗಿ ನೋಡುವುದು, ಎದ್ದರೆ ಯಾಕಾದರೂ ಎದ್ದಿತೋ ಎಂದು ಅಳು ಬರುವುದು. ಯಾರಿಗೂ ಹೇಳಿರಲಿಲ್ಲ. ಆದರೆ ಅತ್ತೆಗೆ ಗೊತ್ತಾಗಿತ್ತು ಅಂತ ಕಾಣುತ್ತದೆ. ಬೆಳಿಗ್ಗೆ ನಾನು ಕಣ್ಣು ಬಿಡುವ ಹೊತ್ತಿಗೆ ಅವರು ಪಕ್ಕದಲ್ಲಿ ಕೂತಿರುತ್ತಿದ್ದರು, ಅವರ ಕೈ ನನ್ನ ಕೊರಳ ಹತ್ತಿರ ಇರುತ್ತಿತ್ತು.

ನಾವು ಲಿಂಗ ಕಟ್ಟುವ ಜನ. ಹುಟ್ಟಿದಾಗ ಕಟ್ಟಿದ ಲಿಂಗ ಕರಡಿಗೆಯೊಳಗೆ ಕೂತು ಜೀವ ಇರುವ ತನಕ ಕೊರಳಲ್ಲೇ ಇರುತ್ತದೆ, ಸತ್ತಾಗ ದೇಹದ ಜೊತೆಗೆ ಮಣ್ಣಿಗೆ ಹೋಗುತ್ತದೆ. ಅತ್ತೆ ತಡವಿ ನೋಡುತ್ತಿದ್ದದ್ದು ನನ್ನ ಕರಡಿಗೆ ಕಟ್ಟಿದ ಶಿವದಾರವನ್ನು.

“ಯಾಕತ್ತೆಮ್ಮ?” ಎಂದರೆ, “ಏನಿಲ್ಲ ಮಗಾ, ದಾರ ಸವ್ದೈತೇನೋ ಅಂತ ನೋಡ್ದೆ,” ಅನ್ನುತ್ತಿದ್ದರು.

ದಾರ ಹೊಸದು. ಅವರೇ ತಂದುಕೊಟ್ಟದ್ದು.

ಬಾವಿಯ ಹತ್ತಿರ ಹೋಗಲೂ ಬಿಡುತ್ತಿರಲಿಲ್ಲ. ನೀರು ತಾವೇ ಸೇದುತ್ತಿದ್ದರು. ಈಳಿಗೆಮಣೆ ಕೆಲಸವೂ ಅವರದೇ. ಸೊಸೆಗೆ ಸುಖ ಕೊಡುತ್ತಿದ್ದಾರೆಂದು ನೆರೆಯವರು ಹೇಳಿಕೊಂಡರು. ನನಗೆ ಮಾತ್ರ ಕಾವಲಿಗೆ ಕೂತಂತೆ ಅನ್ನಿಸಿ ಇನ್ನಷ್ಟು ಚಡಪಡಿಕೆಯಾಗುತ್ತಿತ್ತು.

ಸಮಾಧಾನ ಕೊಡುತ್ತಿದ್ದದ್ದು ಹಿಂದಿನ ಕೋಣೆ. ಮಾವನವರದು ಪೇಟೆ ಬೀದಿಯಲ್ಲಿ ಪಾತ್ರೆ ಅಂಗಡಿ. ಹಳೆಯ ಹಿತ್ತಾಳೆ, ತಾಮ್ರ, ಕಂಚನ್ನು ತೂಕಕ್ಕೆ ಹಾಕಿಕೊಂಡು ಹೊಸ ಪಾತ್ರೆ ಕೊಡುವ ವ್ಯಾಪಾರ. ಯುದ್ಧ ಶುರುವಾದ ಮೇಲೆ ಹೊಸ ಪಾತ್ರೆ ಬರುವುದೇ ಅಪರೂಪವಾಗಿ ಹಳೆಯದಕ್ಕೆ ಬೇಡಿಕೆ ಬಂತು. ಅಂಗಡಿಯಲ್ಲಿ ಹಿಡಿಸದ್ದೆಲ್ಲ ಮನೆಯ ಹಿಂದಿನ ಕೋಣೆಗೆ ಬರುತ್ತಿತ್ತು. ಸರಪಳಿ ಕಿತ್ತುಹೋದ ತೂಗುದೀಪ, ಮುಚ್ಚಳದ ಮೇಲೆ ಗಿಳಿ ಕೂತ ಅಡಕೆ ಪೆಟ್ಟಿಗೆ, ಮೂತಿ ಸೊಟ್ಟಗಾದ ಗಿಂಡಿ. ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದರೆ ಕಪ್ಪಿನ ಕೆಳಗಿನಿಂದ ಕೊರೆಸಿದ ಹೆಸರು ಮೇಲೆ ಬರುತ್ತಿತ್ತು. ನಾನು ಮಿಡ್ಲ್ ಸ್ಕೂಲಿನ ತನಕ ಓದಿದವಳು. ಯಾರ ಮದುವೆಗೆ ಯಾರು ಕೊಟ್ಟ ಚೆಂಬು ಇದು, ತವರಿನ ಹೆಸರಿರುವ ಪಾತ್ರೆಯನ್ನು ಯಾರು ಯಾಕೆ ಹೊರಗೆ ಹಾಕಿದರು ಎಂದು ಊಹೆ ಮಾಡುತ್ತಾ ಕೂತರೆ ಕೈಗೂ ಕೆಲಸ, ತಲೆಗೂ ಕೆಲಸ.

ಒಂದು ಸೋಮವಾರ ಬೆಳಿಗ್ಗೆ ಹಾಸನದಿಂದ ಹಳೇ ಸಾಮಾನು ಕೊಳ್ಳುವವನೊಬ್ಬ ಬಂದ. ಕೋಟು, ಟೋಪಿ, ಕಾಲಿಗೆ ಬೂಟು. ಸಕಲೇಶಪುರದ ಕಡೆ ಕಾಫಿ ತೋಟದ ದೊರೆಸಾನಿಯೊಬ್ಬಳಿಗೆ ಹಳೆ ಕಾಲದ ಸಾಮಾನಿನ ಹುಚ್ಚಂತೆ. ಮಾವ ಅವನನ್ನು ಹಿಂದಿನ ಕೋಣೆ ತೋರಿಸಲು ಕರೆತಂದಿದ್ದರು. ಗಿಳಿಯ ಅಡಕೆ ಪೆಟ್ಟಿಗೆ ಆರಿಸಿಕೊಂಡು ನಡುಮನೆಗೆ ಬಂದವನು ದೇವರ ಗೂಡಿನ ಮುಂದೆ ನಿಂತುಬಿಟ್ಟ. ಅತ್ತೆ ಸೋಮವಾರದ ಪೂಜೆಗೆಂದು ಗೂಡಿನಲ್ಲಿದ್ದದ್ದನ್ನೆಲ್ಲ ಕೆಳಗಿಳಿಸಿ ಒರೆಸುತ್ತಿದ್ದರು. ತಟ್ಟೆಯಲ್ಲಿ ಒಂದು ಬೆಳ್ಳಿಯ ಕರಡಿಗೆ ಇತ್ತು. ಹೊಟ್ಟೆ ದುಂಡಗೆ, ಎರಡು ಕಡೆಗೂ ಮೂತಿ ಚೂಪು, ಮೈಮೇಲೆಲ್ಲ ಸಣ್ಣ ಬಳ್ಳಿಯ ಕೆತ್ತನೆ.

ಅವನು ಬಗ್ಗಿ ನೋಡಿ, “ಇದು ಭಾರಿ ಹಳೇದು. ಈಗಿನೋರು ಇಂಥ ಕೆಲ್ಸ ಮಾಡಲ್ಲ. ಅಂಚು ಸ್ವಲ್ಪ ನೆಗ್ಗೈತೆ, ಆದ್ರೂ ಪರವಾಗಿಲ್ಲ. ಬೆಲೆ ನೀವೇ ಹೇಳಿ ಸಾ,” ಎಂದ.

ಮಾವ ಆ ಕಡೆ ನೋಡಲಿಲ್ಲ. “ಅದು ಮಾರೋದಲ್ಲ,” ಅಂದರು. ಅವನು ಕೈ ಚಾಚಿದ. ಆಗ ನನ್ನ ಅತ್ತೆ, ಗಂಡಸರ ಮುಂದೆ ಸ್ವರ ಎತ್ತದ ನನ್ನ ಅತ್ತೆ, ತಟ್ಟೆಯನ್ನು ಎದೆಗವುಚಿಕೊಂಡು ಎದ್ದುನಿಂತರು.

“ಮುಟ್ಬೇಡ! ಕೊಂಡ್ಕೊಂಡ ಸಾಮಾನು ಎತ್ಕೊಂಡು ಓಗಯ್ಯ!”

ಅವನು ಅಡಕೆ ಪೆಟ್ಟಿಗೆಯನ್ನೂ ಬಿಟ್ಟು ಹೊರಟ. ಮಾವ ಹಿಂದಿನ ಕೋಣೆಗೆ ಹೋಗಿ, ಬೆಳಿಗ್ಗೆ ತೂಗಿಟ್ಟಿದ್ದ ಗಂಟೆಯನ್ನು ಮತ್ತೆ ತಕ್ಕಡಿಗೆ ಹಾಕುತ್ತಾ ಕೂತರು.

ಮಧ್ಯಾಹ್ನ ಊಟಕ್ಕೆ ಬಂದ ಯಜಮಾನರನ್ನು ಕೇಳಿದೆ. “ಆ ಕರಡಿಗೆ ಯಾರದು?”

“ಅಜ್ಜೀದಿರ್ಬೇಕು.”

“ಅಜ್ಜೀನ ಮಣ್ಣು ಮಾಡುವಾಗ ನೀವೇ ಇದ್ರಂತಲ್ಲ? ಅವರ ಲಿಂಗ?”

ಅವರು ತುತ್ತು ಕೈಯಲ್ಲೇ ಹಿಡಿದು ಯೋಚಿಸಿದರು. “ಅವರ ಅಂಗೈಲೇ ಇಟ್ರು. ನಾನು ನೋಡಿದ್ದೀನಿ.”

“ಮತ್ತೆ ಇದು?”

“ನಾನು ಹುಟ್ಟಿದಾಗಿಂದ ಗೂಡಲ್ಲೇ ಐತೆ. ನಿಂಗ್ಯಾಕೆ ಬಿಡು.”

ಬಿಡಲು ನನ್ನಿಂದಾಗಲಿಲ್ಲ. ಮನೆಯಲ್ಲಿದ್ದ ಎಲ್ಲರ ಕೊರಳಲ್ಲೂ ಅವರವರ ಲಿಂಗ ಇತ್ತು. ಸತ್ತವರದು ಸತ್ತವರ ಜೊತೆ ಹೋಗಿತ್ತು. ಹಾಗಾದರೆ ಈ ಒಂದು ಎಲ್ಲಿಂದ ಬಂತು? ಮಾರನೆಯ ದಿನ ಗೂಡಿನಲ್ಲಿ ಇಣುಕಿದೆ. ಕರಡಿಗೆ ಇರಲಿಲ್ಲ.

ಆಗ ತಲೆಗೆ ಹೊಕ್ಕ ಯೋಚನೆ ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಆ ದಿನಗಳಲ್ಲಿ ಊರಲ್ಲೊಂದು ಸುದ್ದಿ ಇತ್ತು. ಬೆಳ್ಳಿಯ ಆಸೆಗೆ ಯಾರೋ ನಮ್ಮವರ ಸಮಾಧಿ ಅಗೆಯುತ್ತಾರಂತೆ ಎಂದು. ಹಳೇ ಸಾಮಾನಿನ ಜೊತೆ ಅಂಥದ್ದೂ ಒಂದು ಎಂದೋ ಮಾವನವರ ತಕ್ಕಡಿಗೆ ಬಂದಿದ್ದರೆ? ಅದಕ್ಕೇ ಅವರು ಆ ಕಡೆ ತಿರುಗಲಿಲ್ಲವೇ? ಅದಕ್ಕೇ ಅತ್ತೆ ಅಷ್ಟು ಗಾಬರಿಯಾದರೇ? ಮಾವ ಎದುರಿಗೆ ಬಂದರೆ ಅವರ ಕೈಗಳನ್ನೇ ನೋಡುತ್ತಿದ್ದೆ. ಅವರು ತಂದ ತೆಂಗಿನಕಾಯಿಯನ್ನು ಒಡೆಯಲೂ ಮನಸ್ಸು ಬರುತ್ತಿರಲಿಲ್ಲ.

ಹುಡುಕಿದೆ. ಅತ್ತೆ ಹೊಳೆಗೆ ಬಟ್ಟೆ ಒಗೆಯಲು ಹೋದಾಗಲೆಲ್ಲ ಮಗನನ್ನು ಸೊಂಟಕ್ಕೆ ಏರಿಸಿಕೊಂಡು ಅಟ್ಟ, ಪೆಟ್ಟಿಗೆ, ಹಾಸಿಗೆ ಸುರುಳಿ, ಒಂದನ್ನೂ ಬಿಡದೆ ಹುಡುಕಿದೆ. ಸಿಕ್ಕಿದ್ದು ಹುಡುಕದೆ ಇದ್ದ ದಿನ. ಬೀಸಲೆಂದು ರಾಗಿ ತೆಗೆಯುತ್ತಿದ್ದೆ. ಕಾಳು ತುಂಬುವ ಮಣ್ಣಿನ ದೊಡ್ಡ ವಾಡೆಯೊಳಕ್ಕೆ ಭುಜದವರೆಗೂ ಕೈ ಇಳಿಬಿಟ್ಟಾಗ ಬೆರಳಿಗೆ ಬಟ್ಟೆಯ ಗಂಟು ತಗುಲಿತು.

ಬಾಗಿಲು ಮುಂದೆ ಮಾಡಿ ಬಿಚ್ಚಿದೆ. ಕರಡಿಗೆಯೊಳಗೆ ಲಿಂಗ ಇತ್ತು, ಅದರ ಮೇಲೆ ಹೊಸದಾಗಿ ಹಚ್ಚಿದ ವಿಭೂತಿ. ಕದ್ದು ತಂದದ್ದಕ್ಕೆ ಯಾರೂ ಹೀಗೆ ವಾರ ವಾರ ವಿಭೂತಿ ಹಚ್ಚುವುದಿಲ್ಲ ಎಂದು ಅನ್ನಿಸಿ, ಎದೆಯ ಮೇಲಿನ ಕಲ್ಲು ಸ್ವಲ್ಪ ಜರುಗಿತು. ಒಂದು ಕಡೆಯ ಚೂಪು ಮೂತಿಯ ಅಂಚಿನ ಉದ್ದಕ್ಕೂ ಸಣ್ಣ ಸಣ್ಣ ನೆಗ್ಗು. ಕಲ್ಲಿನ ಮೇಲೆ ಬಿದ್ದರೆ ಒಂದೇ ಕಡೆ ದೊಡ್ಡದಾಗಿ ನೆಗ್ಗಬೇಕು. ಇವು ಯಾರೋ ಮೊಳೆಯ ತುದಿಯಿಂದ ಒತ್ತೊತ್ತಿ ಮಾಡಿದ ಹಾಗಿದ್ದವು. ಏನೂ ತಿಳಿಯದೆ ಗಂಟು ಕಟ್ಟಿ ಇದ್ದ ಜಾಗಕ್ಕೇ ಇಳಿಸಿದೆ.

ಮಳೆಗಾಲ ಕಳೆದು ಮಗನಿಗೆ ಹಲ್ಲು ಹುಟ್ಟುವ ಕಾಲ ಬಂತು. ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತಿದ್ದ. ಹಾಲು ಕುಡಿದು ಮಡಿಲಲ್ಲಿ ಮಲಗಿ, ನನ್ನ ಕೊರಳಿನ ಕರಡಿಗೆಯನ್ನೇ ಎಳೆದು ಜೊಲ್ಲು ಸುರಿಸುತ್ತಾ ಅಗಿಯುತ್ತಿದ್ದ. ಒಂದು ದಿನ ಒರೆಸೋಣವೆಂದು ತಿರುಗಿಸಿದರೆ ನನ್ನ ಕರಡಿಗೆಯ ಮೂತಿಯ ಮೇಲೂ ಅವೇ ನೆಗ್ಗು! ಬೆಳ್ಳಿ ಎಷ್ಟಾದರೂ ಮೆತ್ತಗೆ.

ಮಗನನ್ನು ಎತ್ತಿಕೊಂಡೇ ಓಡಿದೆ. ವಾಡೆಗೆ ಕೈ ಹಾಕಿ ಗಂಟು ತೆಗೆದು ಎರಡನ್ನೂ ಅಕ್ಕಪಕ್ಕ ಹಿಡಿದೆ. ಅನುಮಾನವೇ ಇರಲಿಲ್ಲ. ಅದನ್ನು ಕಟ್ಟಿಕೊಂಡಿದ್ದವಳು ಹಾಲೂಡಿಸುತ್ತಿದ್ದ ತಾಯಿ. ಆದರೆ ಯಾವ ಮಗು? ಮಾವನವರು ಒಬ್ಬನೇ ಮಗ. ಅವರಿಗೂ ಒಬ್ಬನೇ ಮಗ. ನನ್ನ ಮಗನನ್ನು ಬಿಟ್ಟರೆ ಈ ಮನೆಯಲ್ಲಿ ಈಚೆಗೆ ಹಲ್ಲು ಬಂದ ಮಗುವೆಂದರೆ ನನ್ನ ಗಂಡ ಒಬ್ಬರೇ. ಅತ್ತೆಯ ಕೊರಳಿನದನ್ನು ದಿನಾ ನೋಡುತ್ತಿದ್ದೆ. ಅದು ಕನ್ನಡಿಯ ಹಾಗೆ ನುಣುಪಾಗಿತ್ತು.

ಆ ದಿನ ಅತ್ತೆ ಕಾಲು ಚಾಚಿ ಕೂತು ಮಗುವಿಗೆ ಎಣ್ಣೆನೀರು ಹಾಕುತ್ತಿದ್ದರು. ನಾನು ಬಿಸಿನೀರು ಬೆರೆಸಿಕೊಡುತ್ತಾ ಕೇಳಿದೆ.

“ಅತ್ತೆಮ್ಮ, ಇವರಿಗೆ ಮೊದಲು ಬಂದದ್ದು ಕೆಳಗಿನ ಹಲ್ಲೋ ಮೇಲಿಂದೋ?”

“ಯಾರ್ಗೆ?”

“ನಿಮ್ಮ ಮಗನಿಗೆ.”

“ನಾನು ಬರೋ ಒತ್ಗೆ ಅವ್ನು ರೊಟ್ಟಿ ಕಡ್ಕೊಂಡು ತಿಂತಿದ್ದ,” ಅಂದುಬಿಟ್ಟರು.

ಚೆಂಬು ಅಲ್ಲೇ ನಿಂತಿತು. ಮಗು ಚಳಿಗೆ ಅಳಲು ಶುರು ಮಾಡಿತು. ನಾನು ಎತ್ತಿಕೊಂಡು ಸುತ್ತಿದೆ. ಅತ್ತೆ ಒದ್ದೆ ಕಾಲು ಚಾಚಿಕೊಂಡು ಹಾಗೇ ಕೂತಿದ್ದರು.

“ವಾಡೆ ನೋಡಿದ್ಯ?” ಎಂದು ಕೇಳಿದರು.

“ನೋಡಿದೆ.”

“ಅವ್ನಿಗೇಳಿದ್ಯ?”

“ಇಲ್ಲ.”

ಬಚ್ಚಲ ಮನೆಯ ಹೊಗೆಯಲ್ಲಿ ಕೂತೇ ಹೇಳಿದರು. ಮಾವನಿಗೆ ಮೊದಲೊಬ್ಬ ಹೆಂಡತಿ ಇದ್ದರು, ಅರಕಲಗೂಡಿನವರು. ಮಗ ಹುಟ್ಟಿದ ಮೇಲೆ ಅವರಿಗೆ ನಿದ್ದೆ ಹೋಯಿತಂತೆ. ಕೂತಲ್ಲಿ ಕೂರದೆ, ಊಟ ಮಾಡದೆ ತಿರುಗುತ್ತಿದ್ದರಂತೆ. ಮಗುವಿಗೆ ಹಲ್ಲು ಬಂದ ಮೇಲೂ ಸರಿಹೋಗಲಿಲ್ಲ. ಒಂದು ಬೆಳಿಗ್ಗೆ ಲಿಂಗ ಕಿತ್ತು ಎಸೆದು ಬಾವಿಗೆ ಬಿದ್ದರು. ನೀರು ಸೇದಲು ಬಂದವರು ಮೇಲೆತ್ತಿದರು, ಜೀವ ಉಳಿಯಿತು. ಆದರೆ ಮಾವನ ತಾಯಿ, ಲಿಂಗ ಬಿಸಾಡಿದವಳು ನಮ್ಮ ಪಾಲಿಗೆ ಸತ್ತಳು ಎಂದು ಹೇಳಿ ಆ ದಿನವೇ ಗಾಡಿ ಕಟ್ಟಿಸಿ ತವರಿಗೆ ಕಳಿಸಿದರು. ಮಾವ ತಾಯಿಗೆ ಎದುರು ಆಡಲಿಲ್ಲ.

“ಸತ್ತೋಗವ್ಳೆ ಅಂತ್ಲೇ ನಮ್ಮಪ್ಪಂಗೂ ಏಳಿ ನನ್ನ ತಂದ್ರು. ನಾನೂ ಅಂಗೇ ಅನ್ಕಂಡಿದ್ದೆ. ಅರಕಲಗೂಡಲ್ಲಿ ಒಂದು ಮದ್ವೆಗೋಗಿದ್ದೆ. ಯಾರೋ ತೋರ್ಸಿದ್ರು, ಅಗೋ ಅವ್ಳೇ ಕಣವ್ವ ಅಂತ. ಕಂಬಕ್ಕೆ ಒರಗ್ಕಂಡು ಕೂತಿದ್ಲು. ಸರಿಯಾಗೇ ಇದ್ಲು ಮಗಾ. ನನ್ನ ಮಡ್ಲಲ್ಲಿ ಮಗ ಮಲಗಿದ್ದ. ಅವ್ಳು ನೋಡ್ತಾನೇ ಇದ್ಲು.”

“ಆಮೇಲೆ?”

“ನಾನು ಸೆರಗು ಮುಚ್ಬುಟ್ಟೆ.”

ಅತ್ತೆಗೆ ಹೊಟ್ಟೆಯಲ್ಲಿ ಮಕ್ಕಳಾಗಲಿಲ್ಲ. ಬಾಯಿ ಬಿಟ್ಟರೆ ಇದ್ದೊಬ್ಬ ಮಗನೂ ಹೋಗುತ್ತಾನೆಂದು ಹೆದರಿ ಸುಮ್ಮನಿದ್ದರು. ಆ ಕರಡಿಗೆಯನ್ನು ಕರಗಿಸುವಂತಿಲ್ಲ, ಲಿಂಗವನ್ನು ಇನ್ನೊಬ್ಬರಿಗೆ ಕಟ್ಟುವಂತಿಲ್ಲ, ಹೊಳೆಗೆ ಹಾಕೋಣವೆಂದರೆ ಅದರ ಒಡತಿ ಬದುಕಿದ್ದಾಳೆ. ಮಾಡಲು ತೋಚಿದ್ದು ಸೋಮವಾರದ ವಿಭೂತಿ ಒಂದೇ.

“ನೀನು ಅಂಗೆ ತಿರುಗೋದು ನೋಡಿ ನನ್ ಎದೆ ಒಡ್ದೋಯ್ತಿತ್ತು ಕಣವ್ವ,” ಅಂದರು. “ಎದ್ದ ಕೂಡ್ಲೆ ಬಂದು ದಾರ ಮುಟ್ಟಿ ನೋಡ್ದಿದ್ರೆ ನನ್ಗೆ ಉಸ್ರೇ ಬತ್ತಿರ್ಲಿಲ್ಲ.”

ನನಗೆ ಸಿಟ್ಟು ಬರಬೇಕಿತ್ತು. ಬಂತು ಕೂಡ. ಅದರ ಜೊತೆಗೇ ಇನ್ನೊಂದು ಬಂತು. ನನಗಾಗುತ್ತಿರುವುದು ನನ್ನೊಬ್ಬಳಿಗೇ ಆದದ್ದಲ್ಲ, ಹಾಗಾಗಿಯೂ ಒಬ್ಬಳು ಬದುಕಿ ಮದುವೆಮನೆಯ ಕಂಬಕ್ಕೆ ಒರಗಿ ಕೂರುವಷ್ಟು ಸರಿಹೋಗಿದ್ದಾಳೆ ಎಂಬುದು. ಅವರನ್ನು ನೋಡಲೇಬೇಕು ಅನ್ನಿಸಿತು. ಹೋಗೋಣ ಎಂದೆ. ಅತ್ತೆ ಆಗುವುದಿಲ್ಲ ಅಂದರು. ನಾನು ಮತ್ತೆ ಮತ್ತೆ ಕೇಳಿದೆ. ಅಡುಗೆಮನೆಯಲ್ಲಿ ಕೇಳಿದೆ, ಹಿತ್ತಲಲ್ಲಿ ಕೇಳಿದೆ. ಕೊನೆಗೊಂದು ಬೆಳಿಗ್ಗೆ ಅವರೇ ಒಗೆದ ಸೀರೆ ಉಟ್ಟು ಬಂದು, “ಮಗೀಗೆ ಟೋಪಿ ಆಕು, ಗಾಳಿ ಐತೆ,” ಅಂದರು.

ಅರಕಲಗೂಡಿನಲ್ಲಿ ಬಳಗದವರ ಮಗು ನೋಡಿ ಬರುತ್ತೇವೆ ಎಂದು ಮನೆಯಲ್ಲಿ ಹೇಳಿದೆವು. ಪೆಟ್ರೋಲಿಲ್ಲದ ಆ ದಿನಗಳಲ್ಲಿ ಇದ್ದಿಲಿನ ಬಸ್ಸು. ಹಿಂದೆ ಕಟ್ಟಿದ ಒಲೆಯಂಥ ಡ್ರಮ್ಮಿನ ಗಾಳಿಚಕ್ರ ತಿರುಗಿಸಿ ತಿರುಗಿಸಿ ಹೊರಡಿಸಬೇಕು. ಏರು ಬಂದರೆ ಗಂಡಸರು ಇಳಿದು ನಡೆಯಬೇಕು. ಅತ್ತೆ ಕರಡಿಗೆಯನ್ನು ಮಡಿಲಲ್ಲಿ ಕಟ್ಟಿಕೊಂಡಿದ್ದರು. ಗಳಿಗೆಗೊಮ್ಮೆ ಮುಟ್ಟಿ ನೋಡಿಕೊಳ್ಳುತ್ತಿದ್ದರು. ಬಸ್ಸು ನಿಂತಲ್ಲೆಲ್ಲ “ಇಳ್ದು ವಾಪಸ್ ಓಗ್ಬುಡಾಣ” ಅನ್ನುತ್ತಿದ್ದರು. ಇಳಿದುಬಿಡೋಣ ಎಂದು ನನಗೂ ಅನ್ನಿಸುತ್ತಿತ್ತು. ಅವರು ನಮ್ಮನ್ನು ಕಂಡು ಕಿರುಚಿದರೆ? ಅಥವಾ, ಈಗ ಇಲ್ಲವೇ ಇಲ್ಲವಾಗಿದ್ದರೆ?

ಇದ್ದರು. ಅಣ್ಣನ ಮನೆಯ ಅಂಗಳದಲ್ಲಿ ಹೊಗೆಸೊಪ್ಪಿನ ರಾಶಿಯ ನಡುವೆ ಕೂತು, ಒಂದೊಂದೇ ಎಲೆ ನೀವಿ ಕಟ್ಟು ಕಟ್ಟುತ್ತಿದ್ದರು. ಉದ್ದನೆಯ ಮೈಕಟ್ಟು, ನರೆತ ತಲೆ. ತಲೆಯೆತ್ತಿದ ಕೂಡಲೇ ಕಂಡದ್ದು ನನ್ನ ಯಜಮಾನರದೇ ಹುಬ್ಬು.

ಅವರು ಅತ್ತೆಯನ್ನು ನೋಡಿ ಗುರುತು ಹಿಡಿದರು. “ನರಸೀಪುರದೋಳು ಅಲ್ವ ನೀನು? ಬಾ. ಬಿಸ್ಲಲ್ಲಿ ಯಾಕ್ ನಿಂತೆ?”

ಅತ್ತೆ “ಅಕ್ಕ” ಎಂದು ಅವರ ಎದುರಿಗೇ ಕೂತರು. ಮಡಿಲಿನ ಗಂಟನ್ನು ನನ್ನ ಕಡೆ ಚಾಚಿದರು. ನಾನೇ ಬಿಚ್ಚಿ ಕರಡಿಗೆ ಕೊಟ್ಟೆ.

ಅವರು ಹೊಗೆಸೊಪ್ಪಿನ ಕೈಯನ್ನು ಸೆರಗಿಗೆ ಚೆನ್ನಾಗಿ ಒರೆಸಿಕೊಂಡು ಇಸಿದುಕೊಂಡರು. ತೆರೆಯಲಿಲ್ಲ. ಎಡಗೈ ಹೆಬ್ಬೆರಳಿನಿಂದ ಅಂಚನ್ನು ಸವರಿದರು.

“ಕಚ್ತಿದ್ದ ನನ್ ಮಗ. ಎಳ್ಕಂಡ್ರೆ ಬಿಡ್ತಿರ್ಲಿಲ್ಲ.” ಆಮೇಲೆ ಕೇಳಿದರು, “ತೊಟ್ಲಲ್ಲಿ ಸಿಕ್ತಾ ಇದು?”

ಅತ್ತೆ ಮುಖವೆತ್ತಿದರು. “ತೊಟ್ಲಲ್ಲಾ? ಎಸ್ದಿದ್ದೆ ಅಂದ್ರಲ್ಲ ಅಕ್ಕ. ಕಿತ್ತು ಬೀದೀಗೆಸ್ದೆ ಅಂತ...”

“ಲಿಂಗ ಯಾರಾರ ಎಸೀತಾರೇನೆ?” ಅವರ ಸ್ವರದಲ್ಲಿ ಕೋಪವಿರಲಿಲ್ಲ, ಆಶ್ಚರ್ಯವಿತ್ತು. “ನಂಗೆ ತಡ್ಯಕ್ಕಾಗ್ನಿಲ್ಲ. ಬಾವಿ ಬುಟ್ರೆ ಇನ್ನೇನೂ ಕಾಣ್ತಿರ್ಲಿಲ್ಲ. ನನ್ ಜೊತೆ ಲಿಂಗಾನೂ ಯಾಕೆ ಮುಳುಗ್ಬೇಕು ಅಂತ ಬಿಚ್ಚಿ ಮಗೀನ ಮಗ್ಗುಲಲ್ಲಿ ಮಡಗಿ ಓದೆ. ಎದ್ರೆ ಕಚ್ಕಂಡು ಸುಮ್ಕಿರ್ತಾನೆ ಅಂತ.”

ಇಷ್ಟು ವರ್ಷ ಆ ಮನೆಯಲ್ಲಿ ನಡೆದ ಎಲ್ಲಕ್ಕೂ ಆಧಾರವಾಗಿದ್ದ ಮಾತೇ ಸುಳ್ಳಾಗಿತ್ತು. ಅತ್ತೆ ಬಾಯಿಗೆ ಸೆರಗು ತುರುಕಿಕೊಂಡು ಅತ್ತರು. ಅರಕಲಗೂಡಿನವರು ಅಳಲಿಲ್ಲ. ನನ್ನ ತೋಳಿನಲ್ಲಿದ್ದ ಮಗನ ಕಡೆ ನೋಡಿ, ಆಮೇಲೆ ಅತ್ತೆಯ ಕಡೆ ತಿರುಗಿ, “ಎತ್ಕೊಳ್ಲಾ?” ಎಂದು ಕೇಳಿದರು. ನನ್ನನ್ನಲ್ಲ, ಅತ್ತೆಯನ್ನು. ಅತ್ತೆ ತಲೆಯಾಡಿಸಿದರು. ನಾನು ಕೊಟ್ಟೆ. ಹೊಗೆಸೊಪ್ಪಿನ ಘಾಟಿಗೆ ಮಗ ಒಂದು ಸಲ ಸೀನಿ ಅವರ ಮೂಗು ಹಿಡಿದುಕೊಂಡ.

ಅವರ ಕೊರಳಲ್ಲಿ ಬಟ್ಟೆಯಲ್ಲಿ ಸುತ್ತಿದ ಲಿಂಗ ಇತ್ತು, ಊರಿನ ಜಂಗಮ ಅಯ್ನೋರು ಮತ್ತೆ ಕಟ್ಟಿದ್ದು. “ಈಗ ಎಲ್ಡಾಯ್ತಲ್ಲ, ಏನ್ ಮಾಡ್ಲಿ?” ಎಂದು ತಮ್ಮಷ್ಟಕ್ಕೇ ನಕ್ಕರು. “ಅಯ್ನೋರ್ನೇ ಕೇಳ್ಬೇಕು.”

ಅತ್ತೆ ಆ ವಾರವೇ ಮಗನಿಗೆ ಎಲ್ಲ ಹೇಳಿದರು. ಹಿಂದಿನ ಕೋಣೆಗೆ ಕರೆದು, ನನಗೂ ಇರಲು ಹೇಳಿ, ನಿಂತುಕೊಂಡೇ ಹೇಳಿದರು. ಯಜಮಾನರು ಕೇಳಿಸಿಕೊಂಡು ಅಂಗಡಿಗೆ ಹೋದರು. ಬಹಳ ದಿನ ಅತ್ತೆಯ ಜೊತೆಗೂ ಮಾತಿಲ್ಲ, ಮಾವನ ಜೊತೆಗೂ ಇಲ್ಲ. ಬಡಿಸಿದ್ದನ್ನು ಉಂಡು ಏಳುತ್ತಿದ್ದರು. ಮನೆಯಲ್ಲಿ ತಿರುಗಾಡುವ ಸರದಿ ಅವರದಾಗಿತ್ತು. ಜಗಲಿಯಿಂದ ಹಿತ್ತಲು, ಹಿತ್ತಲಿಂದ ಜಗಲಿ. ಒಂದು ದಿನ ಎಲ್ಲಿಗೆಂದು ಹೇಳದೆ ಬಸ್ಸು ಹತ್ತಿದರು. ಸಂಜೆ ಬಂದು ಕಾಲು ತೊಳೆದು, ಅಡುಗೆಮನೆಯ ಹೊಸಿಲ ಮೇಲೆ ಕೂತು, “ಅವ್ವ, ಅವರೂ ನನ್ನಂಗೇ ಎಡಗೈನೋರು,” ಎಂದರು. ಅತ್ತೆಯನ್ನು ಅವ್ವ ಎಂದು ಕರೆದರಲ್ಲ, ಅಷ್ಟಕ್ಕೇ ಅತ್ತೆ ಒಲೆಯ ಮುಂದಿನಿಂದ ಎದ್ದು ಬಂದು ಅವರಿಗೆ ಮಣೆ ಹಾಕಿದರು.

ತೊಟ್ಟಿಲಿನ ಸಂಗತಿಯನ್ನು ಯಜಮಾನರು ಮಾವನಿಗೆ ತಿಳಿಸಿದರು ಎಂದು ಗೊತ್ತು. ಕೇಳಿ ಏನೆಂದರೋ ಗೊತ್ತಿಲ್ಲ.

ನಾನು ಎರಡನೆಯ ಸಲ ಬಸುರಿಯಾಗುವ ಹೊತ್ತಿಗೆ ನನ್ನ ತಾಯಿ ತೀರಿಕೊಂಡಿದ್ದರು. ಬಾಣಂತನ ಹೊಳೆನರಸೀಪುರದಲ್ಲೇ ಎಂದಾಯಿತು. ಅತ್ತೆ ಒಬ್ಬರಿಗೇ ಆಗುವುದಿಲ್ಲ ಎಂದು ಅರಕಲಗೂಡಿನಿಂದ ಅವರನ್ನು ಕರೆಸಿದರು. ಕರೆಸುವ ಮಾತನ್ನು ಅತ್ತೆಯೇ ಎತ್ತಿದ್ದು. ಅವರು ಬಂದಿಳಿದ ದಿನದಿಂದ ಮಾವ ಊಟವನ್ನು ಅಂಗಡಿಗೇ ತರಿಸಿಕೊಂಡರು, ಮಲಗುವುದೂ ಅಲ್ಲೇ. ಒಂದು ಮಧ್ಯಾಹ್ನ ಮಳೆ ಶುರುವಾಗಿ ಕೊಡೆಗೆಂದು ಮನೆಗೆ ಬಂದವರು ಜಗಲಿಯಲ್ಲಿ ಅವರಿಗೆ ಎದುರಾದರು. ನಾನು ಕಿಟಕಿಯ ಒಳಗಿದ್ದೆ.

“ಚೆನ್ನಾಗಿದ್ದೀರಾ?” ಎಂದು ಕೇಳಿದರು ಅವರು.

“ಹೂಂ,” ಎಂದರು ಮಾವ. ನಿಂತರು. ಇನ್ನೇನೋ ಹೇಳಲು ಬಾಯಿ ತೆರೆದ ಹಾಗಿತ್ತು. ಕೊಡೆಯನ್ನೂ ತೆಗೆದುಕೊಳ್ಳದೆ ಬಿರಬಿರನೆ ಮಳೆಗೇ ಹೋದರು.

ಮಗಳು ಹುಟ್ಟಿ ಕೆಲವು ದಿನಕ್ಕೆ ನನಗೆ ಮತ್ತೆ ಅದೇ ಶುರುವಾಯಿತು. ಹೊಟ್ಟೆಯೊಳಗೆ ಏನೋ ಓಡಿದ ಹಾಗೆ, ಗೋಡೆಗಳು ಹತ್ತಿರ ಬಂದ ಹಾಗೆ. ಬಾಣಂತಿ ಕೋಣೆ ಬಿಟ್ಟು ಏಳಬಾರದೆಂದು ಅತ್ತೆಯ ಕಟ್ಟಪ್ಪಣೆ. ಅರಕಲಗೂಡಿನವರು ಮಾತ್ರ ನನ್ನ ಮುಖ ನೋಡಿದ ಕೂಡಲೇ, “ಏಳು ಮಗಾ, ತಿರುಗಾಡು. ಕೂತ್ರೆ ಎಚ್ಚಾಯ್ತದೆ. ನಾನೂ ಬತ್ತೀನಿ,” ಎಂದು ಕೈ ಹಿಡಿದು ಎಬ್ಬಿಸಿದರು. ತಲೆಗೆ ಬಟ್ಟೆ ಕಟ್ಟಿ, ಹಿತ್ತಲಿನ ಉದ್ದಕ್ಕೂ ನಡೆಸಿದರು. ಬಾವಿಯ ಹತ್ತಿರವೂ ನಡೆಸಿದರು, ಅಲ್ಲಿ ಮಾತ್ರ ಕೈಯನ್ನು ಬಿಗಿಯಾಗಿ ಹಿಡಿದಿದ್ದರು. “ಅಳು ಬತ್ತದಾ? ಅಳು. ಯಾರೂ ಏನೂ ಅನ್ನಲ್ಲ,” ಎಂದರು. ನಾನು ನಡೆಯುತ್ತಲೇ ಅತ್ತುಬಿಟ್ಟೆ. ದಿನಾ ನಡೆದೆವು. ತಿಂಗಳು ಕಳೆಯುವುದರೊಳಗೆ ಹೊಟ್ಟೆಯೊಳಗಿನ ಓಟ ನಿಧಾನವಾಯಿತು. ಒಂದು ದಿನ ನಾನಾಗಿಯೇ ಕೂತು ಅಕ್ಕಿ ಆರಿಸಿ ಮುಗಿಸಿದೆ.

ಅಡುಗೆಮನೆಯಲ್ಲಿ ಇಬ್ಬರೂ ಬಾಣಂತಿ ಸಾರಿಗೆ ಮೆಣಸು ಎಷ್ಟು ಹಾಕಬೇಕೆಂದು ಜಗಳವಾಡುತ್ತಿದ್ದರು. “ನೀನು ಎತ್ತೋಳಲ್ಲ, ನಿಂಗೇನ್ ಗೊತ್ತು?” ಎಂದು ಅರಕಲಗೂಡಿನವರು, “ಸಾಕ್ದೋಳು ನಾನು, ನಂಗೊತ್ತಿಲ್ವಾ?” ಎಂದು ನಮ್ಮತ್ತೆ. ಹಾಗೆ ಅಂದುಕೊಂಡೂ ಇಬ್ಬರಿಗೂ ನೋವಾದಂತೆ ಕಾಣಲಿಲ್ಲ. ಸಾರು ಬಹಳ ಖಾರವಾಗಿತ್ತು. ಕಣ್ಣಲ್ಲಿ ನೀರು ಸುರಿಸುತ್ತಾ ಪೂರ್ತಿ ಉಂಡೆ.